ಟ್ರೇಲರ್ ಯಾರದು?

ನಮ್ಮ ಹಳೆಯ ಕಂಪ್ಯೂಟರ್‌ಗೆ ಪ್ರತಿದಿನ ಬೆಳಿಗ್ಗೆ ಇವತ್ತು ತಾರೀಖು ಎಷ್ಟು ಎಂದು ಹೇಳಿಕೊಡಬೇಕಿತ್ತು. ಒಳಗಿನ ಗುಂಡಿಯಷ್ಟು ಚಿಕ್ಕ ಬ್ಯಾಟರಿ ಸತ್ತಿತ್ತು, ಅದು ಕೂರುವ ಜಾಗಕ್ಕೂ ತುಕ್ಕು ಹಿಡಿದಿತ್ತು. ಸ್ವಿಚ್ ಹಾಕಿದಾಗಲೆಲ್ಲ ಅದು ಇಪ್ಪತ್ತು ವರ್ಷ ಹಿಂದಿನ ಯಾವುದೋ ಜನವರಿ ಒಂದಕ್ಕೆ ಹೋಗಿ ಕುಳಿತಿರುತ್ತಿತ್ತು. ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ತಿದ್ದುವುದು ನಮ್ಮ ಆಪರೇಟರ್ ಕೆಲಸ. ಅವರು ಮೊದಲು ಹಮಾಲಿ ಮಾಡುತ್ತಿದ್ದವರು, ನನ್ನ ಅಪ್ಪ ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದರು. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರಿಗೆ ನಾನು ತಂಗೆಮ್ಮ. ನಾನು ಕಂಪ್ಯೂಟರ್‌ಗೆ ಬೈದರೆ, "ವಯಸ್ಸಾದ ಮ್ಯಾಲೆ ಮರೆವು ಇದ್ದದ್ದೇ ತಂಗೆಮ್ಮ. ಬೈಬಾರದು, ನೆನಪು ಮಾಡಿ ಕೊಡ್ಬೇಕು" ಎನ್ನುತ್ತಿದ್ದರು.

ಲಾರಿ, ಟ್ರ್ಯಾಕ್ಟರ್‌ಗಳನ್ನು ನಿಲ್ಲಿಸಿ ತೂಗುವ ವೇಬ್ರಿಡ್ಜ್‌ಗೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಬಿಳಿಚೋಡಿನಿಂದ ಜಗಳೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮದೊಂದು ಕಾಟಾ ಇದೆ. ಎದುರಿಗೇ ಮೆಕ್ಕೆಜೋಳ ಕೊಳ್ಳುವ ವ್ಯಾಪಾರಿಯ ಗೋದಾಮು. ತುಂಬಿದ ಗಾಡಿ ಮೊದಲು ನಮ್ಮ ಕಾಟಾ ಹತ್ತುತ್ತದೆ, ಆಮೇಲೆ ಗೋದಾಮಿನಲ್ಲಿ ಮಾಲು ಇಳಿಸಿ ಖಾಲಿಯಾಗಿ ಮತ್ತೆ ಬರುತ್ತದೆ. ಮೊದಲ ತೂಕದಲ್ಲಿ ಎರಡನೆಯದನ್ನು ಕಳೆದರೆ ಮಾಲಿನ ತೂಕ. ಇದನ್ನು ಕಂಪ್ಯೂಟರ್ ಕಳೆದು ಚೀಟಿ ಕೊಡುತ್ತದೆ. ಆ ಚೀಟಿಯನ್ನು ರೈತನೂ ವ್ಯಾಪಾರಿಯೂ ನಂಬುತ್ತಾರೆ ಎನ್ನುವುದೊಂದೇ ನಮ್ಮ ಆಸ್ತಿ. ಉಳಿದದ್ದೆಲ್ಲ ಕಬ್ಬಿಣ, ಸಿಮೆಂಟು.

ಕಾಕಾಗೆ ಒಂದು ಪದ್ಧತಿ ಇತ್ತು. ಗಾಡಿ ನಿಂತು, ತೂಕ ತೋರಿಸುವ ಇಂಡಿಕೇಟರ್‌ನ ಕೆಂಪು ಅಂಕಿಗಳು ಅಲ್ಲಾಡುವುದನ್ನು ನಿಲ್ಲಿಸಿದ ಮೇಲೆ, ಕಿಟಕಿಯಿಂದ ತಲೆ ಹಾಕಿ ತೂಕವನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಬರೀ ತೂಕವಲ್ಲ, ಎಳೆಯುವ ಟ್ರ್ಯಾಕ್ಟರ್, ಅಂದರೆ ಇಂಜಿನ್, ಯಾವುದು, ಹಿಂದಿನ ಟ್ರೇಲರ್ ಯಾರದು ಎಂಬುದನ್ನೂ. "ನೀಲಿ ಇಂಜಿನ್ನು, ಮೂಲೆಮನೆಯೋರ ಟ್ರೇಲರು, ಐದು ಸಾವಿರದ ಎಂಟುನೂರು!" ಗಾಡಿಯವನು ಅಷ್ಟನ್ನೂ ತಿರುಗಿ ಕೂಗಬೇಕು. ಕೂಗಿದ ಮೇಲೇ ಕಾಕಾ ಬಟನ್ ಒತ್ತುವುದು. ದಿನದ ಮೊದಲ ಗಾಡಿಯಾದರೆ ಎಲ್ಲಕ್ಕಿಂತ ಮುಂಚೆ "ಲಾಭ!" ಎನ್ನುವರು. ಕಣದಲ್ಲಿ ಕಾಳು ಅಳೆಯುವವರು ಮೊದಲನೆಯದನ್ನು ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಹಾಗೆ. ನನಗೆ ಇದೆಲ್ಲ ಸಂತೆಯ ಗದ್ದಲದಂತೆ ಕಾಣುತ್ತಿತ್ತು. ಕಂಪ್ಯೂಟರ್ ಇಟ್ಟುಕೊಂಡು ಕೂಗುವುದೇಕೆ ಎಂದು ಬಹಳ ಸಲ ಕೇಳಿದ್ದೇನೆ.

ಶ್ರಾವಣದಲ್ಲಿ, ಕೆಲಸ ಕಮ್ಮಿಯಿದ್ದಾಗ, ಚನ್ನಗಿರಿಯಿಂದ ಟೆಕ್ನಿಷಿಯನ್ ಬಂದಿದ್ದ. ಮೂವತ್ತು ದಾಟಿರದ ಹುಡುಗ, ಹೊನ್ನಾಳಿ, ನ್ಯಾಮತಿ ಕಡೆಯ ಕಾಟಾಗಳನ್ನೂ ಅವನೇ ನೋಡಿಕೊಳ್ಳುತ್ತಾನೆ. ಕಂಪ್ಯೂಟರ್ ಡಬ್ಬಿ ಬಿಚ್ಚಿದರೆ ಒಳಗೆ ಜೋಳದ ಹೊಟ್ಟು, ಧೂಳು, ಒಂದು ಹಲ್ಲಿಯ ಅಸ್ಥಿಪಂಜರ. ಬಣ್ಣ ಬಳಿಯುವ ಬ್ರಷ್‌ನಿಂದ ಗುಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಹಾರ್ಡ್ ಡಿಸ್ಕ್‌ಗೆ ಕಿವಿಯಿಟ್ಟು, "ಅಕ್ಕಾ, ಟಕ್ ಟಕ್ ಅಂತೈತೆ. ಈಗ ಬಿಡುವು ಐತೆ, ಹೊಸದು ಹಾಕಿಬಿಡನ. ಸೀಜನ್‌ನಾಗೆ ಕೈ ಕೊಟ್ರೆ ಕಷ್ಟ" ಎಂದ.

ನಡೆಯುತ್ತಿರುವ ವಸ್ತುವನ್ನು ಬದಲಿಸುವವರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. "ಟಕ್ ಟಕ್ ಅಂತಿದ್ರೆ ಜೀವ ಐತೆ ಅಂತ ತಾನೇ? ಸುಮ್ನಿದ್ದಾಗ ಹೇಳು" ಎಂದು ಕಳಿಸಿಬಿಟ್ಟೆ. ಆ ಮಾತಿಗೆ ನಾನೇ ನಕ್ಕಿದ್ದೆ ಬೇರೆ.

ದೀಪಾವಳಿ ಕಳೆದು ಮೂರನೇ ದಿನ ಮಧ್ಯಾಹ್ನ ಅದು ಸುಮ್ಮನಾಯಿತು. ರಸ್ತೆಯಲ್ಲಿ ಹದಿನಾಲ್ಕು ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದವು. ಪರದೆ ಕಪ್ಪು. ಕಾಕಾ ಡಬ್ಬಿಯ ಬೆನ್ನು ತಟ್ಟಿದರು, ಫ್ಯಾನ್ ಹಿಡಿದರು, ಹೆಸರಿಲ್ಲದ ದೇವರಿಗೂ ಕೈಮುಗಿದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಸಾಲಿನಲ್ಲಿ ನಾನು ಮೊದಲನೆಯವಳಾಗಿ ನಿಂತು ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಶ್ರಾವಣದಲ್ಲಿ ನಾನು ಆಡಿದ್ದನ್ನು ಅವನು ನೆನಪಿಸಲಿಲ್ಲ. ನ್ಯಾಮತಿಯ ಒಂದು ಕಾಟಾಗೆಂದು ತರಿಸಿಟ್ಟಿದ್ದ ಹೊಸ ಕಂಪ್ಯೂಟರ್ ಅವನ ಬಳಿ ಇತ್ತು. ಆ ಮಾಲೀಕರನ್ನು ಕೇಳಿದನಂತೆ. ನಾನು ಇವತ್ತಿಗೂ ಮುಖ ನೋಡದ ಆ ಮನುಷ್ಯರು, "ಅಲ್ಲಿ ಗಾಡಿ ನಿಂತಾವೆ ಅಂದ್ರೆ ಮೊದ್ಲು ಅಲ್ಲಿಗೆ ಕೊಡಪ್ಪಾ, ನಂದು ವಾರ ತಡ ಆದ್ರೆ ಏನಾಗಲ್ಲ" ಎಂದರಂತೆ. ಸಂಜೆಯೊಳಗೆ ಬೈಕಿನ ಹಿಂದೆ ಕಟ್ಟಿಕೊಂಡು ತಂದೇಬಿಟ್ಟ. ಅಲ್ಲಿಯವರೆಗೆ ಕಾಕಾ ಇಂಡಿಕೇಟರ್ ನೋಡಿ ಕೂಗಿ, ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಚೀಟಿ ಬರೆದು ಸಾಲು ಕರಗಿಸುತ್ತಿದ್ದರು.

ಹೊಸ ಕಂಪ್ಯೂಟರ್‌ನ ಬೆನ್ನಿನಲ್ಲಿ ನಮ್ಮ ಇಂಡಿಕೇಟರ್‌ನ ಹಳೆ ಕಾಲದ ವೈರ್ ಸಿಕ್ಕಿಸಲು ಜಾಗವೇ ಇರಲಿಲ್ಲ. ನಡುವೆ ಒಂದು ಬೆರಳುದ್ದದ ಕನ್ವರ್ಟರ್ ಹಾಕಬೇಕಾಯಿತು. ಪ್ರಿಂಟರ್‌ಗೂ ಬೇರೆ ವೈರ್. ಸಾಫ್ಟ್‌ವೇರ್ ಕೂಡ ಹೊಸದು. ಎಲ್ಲ ಕೂಡಿಸಿ, ಕಾಕಾರನ್ನೇ ಕಾಟಾ ಮೇಲೆ ನಿಲ್ಲಿಸಿ, ನನ್ನ ಸ್ಕೂಟಿ ನಿಲ್ಲಿಸಿ, ಕೊನೆಗೆ ಒಂದು ಲಾರಿ ನಿಲ್ಲಿಸಿ ನೋಡಿದ. ಇಂಡಿಕೇಟರ್‌ನ ಅಂಕಿಯೂ ಪರದೆಯ ಅಂಕಿಯೂ ಒಂದೇ. ಆಮೇಲೆ ಒಂದು ಅನುಕೂಲ ತೋರಿಸಿದ. ಗಾಡಿಯ ಖಾಲಿ ತೂಕವನ್ನು ಒಂದು ಸಲ ಕೊಟ್ಟರೆ ಸಾಕು, ನಂಬರ್ ಪ್ಲೇಟಿನ ಲೆಕ್ಕದಲ್ಲಿ ಅದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಆ ಗಾಡಿ ಖಾಲಿಯಾಗಿ ತಿರುಗಿ ಬರಬೇಕಿಲ್ಲ. "ಹೊನ್ನಾಳಿಯಾಗೆ ಜಲ್ಲಿ ಟಿಪ್ಪರ್‌ಗಳಿಗೆ ಹಿಂಗೇ ಮಾಡೀವಿ. ಸಾಲು ಅರ್ಧಕ್ಕರ್ಧ ಕಮ್ಮಿ ಆಗೈತೆ."

ಕಾಕಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಅಲ್ಲಪ್ಪಾ, ನಂಬರು ಇಂಜಿನ್ನಿಗೆ ಇರತೈತೆ. ಟ್ರೇಲರ್ ಯಾರ್ದು ಅಂತ ಇದಕ್ಕೆ ಹೆಂಗೆ ಗೊತ್ತಾಗತೈತೆ?"

"ಈಗ ಅದೆಲ್ಲ ಬ್ಯಾಡ ಕಾಕಾ. ಸಾಲು ನೋಡ್ರಿ ಎಷ್ಟೈತೆ" ಎಂದವಳು ನಾನು. ಟೆಕ್ನಿಷಿಯನ್ ಅಲ್ಲ. ಆ ಅನುಕೂಲದ ಬಟನ್ ಒತ್ತಿದ್ದೂ ನಾನೇ. ಪರದೆಯನ್ನು ಕಿಟಕಿಯ ಕಡೆ ತಿರುಗಿಸಿ, "ಇನ್ನು ಕೂಗೋದೂ ಬ್ಯಾಡ. ಅವರೇ ನೋಡ್ಕೊತಾರೆ, ಗಂಟಲಿಗೆ ವಿಶ್ರಾಂತಿ ಕೊಡ್ರಿ" ಎಂದೂ ಹೇಳಿದೆ. ಕಾಕಾ ಹೋಗಿ ಕುರ್ಚಿಯಲ್ಲಿ ಕೂತರು.

ನಾಲ್ಕು ದಿನ ನಾನು ನೆಲದ ಮೇಲಿರಲಿಲ್ಲ. ರಸ್ತೆ ಖಾಲಿ, ಚೀಟಿ ಸರಸರ. ಶ್ರಾವಣದಲ್ಲೇ ಹಾಕಿಸಬೇಕಿತ್ತು ಎಂದು ಕಂಡಕಂಡವರಿಗೆ ಹೇಳಿದೆ, ಏನೋ ನಾನೇ ಕಂಡುಹಿಡಿದ ಹಾಗೆ.

ಐದನೇ ದಿನ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ನಡೆದುಕೊಂಡೇ ಬಂದರು. ಐವತ್ತರ ಆಸುಪಾಸು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಹಿಂದಿನ ದಿನ ನೆರೆಯವರ ಇಂಜಿನ್‌ಗೆ ತಮ್ಮನ ಟ್ರೇಲರ್ ಕಟ್ಟಿಸಿ ಮೆಕ್ಕೆಜೋಳ ತಂದಿದ್ದವರು. ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ಜಗಳಕ್ಕೆ ಬಂದವರ ದನಿಯಲ್ಲಿ ಅಲ್ಲ, ಕಳೆದ ಕುರಿ ಕೇಳುವವರ ದನಿಯಲ್ಲಿ ಹೇಳಿದರು.

"ಅಕ್ಕಾರೆ, ನಾನು ನಲವತ್ತೆರಡು ಚೀಲ ಎಣಿಸಿ ಹೇರೀನಿ. ಒಂದೊಂದು ಚೀಲಾನೂ ನಾನೇ ಅರವತ್ತು ಕೇಜಿಗೆ ತುಂಬೀನಿ. ನಿಮ್ಮ ಚೀಟಿಯಾಗೆ ಮೂವತ್ತೆಂಟು ಚೀಲದ ತೂಕ ಐತೆ. ನಾಕು ಚೀಲ ಎಲ್ಲಿಗೆ ಹೋದ್ವು?"

ಚೀಟಿ ನೋಡಿದೆ. ತುಂಬಿದ ತೂಕ 5820, ಖಾಲಿ 3540, ಮಾಲು 2280. ಲೆಕ್ಕ ಸರಿಯಾಗಿಯೇ ಇತ್ತು. "ಕಂಪ್ಯೂಟರ್ ತಪ್ಪು ಹೇಳಲ್ಲಮ್ಮ" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಕಂಪ್ಯೂಟರ್ ಹೊಲಕ್ಕೆ ಬಂದಿತ್ತಾ?" ಎಂದರು ಅವರು. "ನೆನ್ನೆ ಅಜ್ಜ ಕೂಗ್ಲಿಲ್ಲ. ಕೂಗಿದ್ರೆ ನಾನು ಅಲ್ಲೇ ಹೇಳ್ತಿದ್ದೆ."

ಕಾಕಾ ನನ್ನ ಮುಖ ನೋಡಿದರು. ನಾನು ಆ ಇಂಜಿನ್‌ನವರಿಗೆ ಫೋನ್ ಮಾಡಿ, ಅದೇ ಟ್ರೇಲರ್ ಕಟ್ಟಿಕೊಂಡು ಖಾಲಿ ಬರಲು ಹೇಳಿದೆ. ಬಂತು. ಕಾಟಾ ಹತ್ತಿತು. ಕೆಂಪು ಅಂಕಿಗಳು ಅಲ್ಲಾಡಿ ನಿಂತವು: 3300. ಇನ್ನೂರ ನಲವತ್ತು ಕಿಲೋ ವ್ಯತ್ಯಾಸ. ಅರವತ್ತರ ಚೀಲ ನಾಲ್ಕು.

ಆಗಿದ್ದು ಇಷ್ಟು. ಮೊದಲ ದಿನ ಆ ಇಂಜಿನ್ ತನ್ನದೇ ದೊಡ್ಡ ಹೈಡ್ರಾಲಿಕ್ ಟ್ರೇಲರ್ ಎಳೆದು ಬಂದಿತ್ತು. ಕಂಪ್ಯೂಟರ್ ಆ ಖಾಲಿ ತೂಕವನ್ನು ಇಂಜಿನ್‌ನ ನಂಬರಿಗೆ ಅಂಟಿಸಿಕೊಂಡಿತು. ಆಮೇಲೆ ಅದೇ ಇಂಜಿನ್ ಇವರ ತಮ್ಮನ ಹಗುರ ಟ್ರೇಲರ್ ಎಳೆದು ಬಂದಾಗಲೂ ಅದನ್ನೇ ಕಳೆಯಿತು. ಮೊದಲು ಹಗುರದ್ದು, ಆಮೇಲೆ ಭಾರದ್ದು ಬಂದಿದ್ದರೆ ಮಾಲಿನ ತೂಕ ಹೆಚ್ಚು ಬೀಳುತ್ತದೆ. ಟಿಪ್ಪರ್‌ಗೆ ಬೆನ್ನಿನ ಪೆಟ್ಟಿಗೆ ಹುಟ್ಟಿನಿಂದ ಬಂದದ್ದು, ಅಲ್ಲಿ ಈ ಅನುಕೂಲ ಸರಿ. ನಮ್ಮಲ್ಲಿ ಇಂಜಿನ್ ಒಬ್ಬರದು, ಟ್ರೇಲರ್ ಇನ್ನೊಬ್ಬರದು. ಸುಗ್ಗಿಯಲ್ಲಿ ಟ್ರೇಲರ್ ಎನ್ನುವುದು ಒರಳುಕಲ್ಲಿನ ಹಾಗೆ, ಇಡೀ ಓಣಿ ಬಳಸುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಸಾಲು ಕರಗುವುದನ್ನು ನೋಡುವ ಸಂತೋಷದಲ್ಲಿ ಅದು ಕಣ್ಣಿಗೆ ಬೀಳಲಿಲ್ಲ.

ನಾಲ್ಕು ದಿನದಲ್ಲಿ ಎಷ್ಟು ಚೀಟಿ ಹೀಗೆ ಹೋಗಿವೆ? ಕಂಪ್ಯೂಟರ್‌ನಲ್ಲಿ ನಂಬರ್ ಇದೆ, ತುಂಬಿದ ತೂಕ ಇದೆ. ಯಾವ ಟ್ರೇಲರ್ ಎಂಬುದು ಎಲ್ಲಿಯೂ ಇಲ್ಲ.

ಕಾಕಾ ಎದ್ದು ಗೋಡೆಯ ಕ್ಯಾಲೆಂಡರ್ ತೆಗೆದು ಪಕ್ಕಕ್ಕಿಟ್ಟರು. ಅದರ ಹಿಂದೆ, ಚೀಲಕ್ಕೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ಗೋಡೆ ತುಂಬ ಬರೆದಿದ್ದರು. ಇಂಜಿನ್ ನಂಬರಿನ ಕೊನೆಯ ನಾಲ್ಕು ಅಂಕಿ, ಎದುರಿಗೆ ಟ್ರೇಲರ್ ಯಾರದು. ಮೂಲೆಮನೆಯೋರದು. ಡೈರಿ ಪಕ್ಕದೋರದು. ಬಸವಾಪಟ್ಟಣದ ಬೀಗರದು. ಖಾಲಿ ತೂಗದೆ ಹೋದ ಒಂದೊಂದು ಗಾಡಿಯೂ ಅಲ್ಲಿತ್ತು. ಎಣಿಸಿದರೆ ಮೂವತ್ತೊಂದು.

"ನೀವು ಬ್ಯಾಡ ಅಂದ್ರಿ" ಎಂದರು. "ಗ್ವಾಡೆ ಬ್ಯಾಡ ಅನ್ಲಿಲ್ಲ."

ನನಗೆ ಅಳು ಬಂತು. ಅತ್ತೇಬಿಟ್ಟೆ. ಆ ಹೆಣ್ಣುಮಗಳು ನೀರಿನ ಬಾಟಲಿ ನನ್ನ ಕಡೆ ಸರಿಸಿದರು. ಅನ್ಯಾಯ ಆದದ್ದು ಅವರಿಗೆ, ನೀರು ಕೊಟ್ಟದ್ದು ನನಗೆ.

ಟೆಕ್ನಿಷಿಯನ್ ಬಂದ. ವಿಷಯ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡ. ಆ ಅನುಕೂಲವನ್ನು ತೆಗೆದುಹಾಕಿ ಮುಂದುವರಿಯೋಣ, ಹಳೆಯ ಚೀಟಿಗಳನ್ನು ಯಾರಾದರೂ ಕೇಳಿಕೊಂಡು ಬಂದರೆ ಸರಿಮಾಡಿ ಕೊಡೋಣ, ಸೀಜನ್‌ನಲ್ಲಿ ಡಂಗುರ ಹೊಡೆದರೆ ಕಾಟಾ ಹೆಸರು ಹಾಳಾಗುತ್ತದೆ ಎಂದ. ಅವನು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನೂ ಒಂದು ಗಳಿಗೆ ಆ ಕಡೆಗೇ ವಾಲಿದೆ. ಆದರೆ ಚೀಲ ಎಣಿಸದೆ ತಂದವರು ಹೇಗೆ ಕೇಳಿಕೊಂಡು ಬಂದಾರು? ತಮಗೆ ಕಮ್ಮಿಯಾಗಿದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ. ನಮ್ಮ ಚೀಟಿಯನ್ನು ನಂಬಿದ್ದಕ್ಕೆ ಅವರಿಗೆ ನಷ್ಟ ಎಂದಾಗುತ್ತದೆ.

"ಹೊಸದನ್ನ ಬಿಚ್ಚಿಡು" ಎಂದೆ. "ಹಳೇದಕ್ಕೆ ಬೇರೆ ಡಿಸ್ಕ್ ಹಾಕಿ ಎಬ್ಬಿಸೋಕಾಗತೈತಾ?"

"ಎರಡು ದಿನ ಬೇಕು ಅಕ್ಕಾ."

"ಎರಡು ದಿನ ಕಾಕಾ ಕೂಗ್ತಾರೆ, ನಾನು ಬರೀತೀನಿ."

ಆಮೇಲೆ ಒಂದು ಹಳೆಯ ಫ್ಲೆಕ್ಸ್ ಬೋರ್ಡಿನ ಹಿಂಬದಿಗೆ ದೊಡ್ಡದಾಗಿ ಬರೆದು ರಸ್ತೆಗೆ ಕಾಣುವಂತೆ ನಿಲ್ಲಿಸಿದೆ. ಹಿಂದಿನ ನಾಲ್ಕು ದಿನದಲ್ಲಿ ನಮ್ಮ ಕಾಟಾ ಕೆಲವು ಚೀಟಿಗಳನ್ನು ತಪ್ಪು ಕೊಟ್ಟಿದೆ, ತಪ್ಪು ನನ್ನದು, ಅದೇ ಇಂಜಿನ್ ಅದೇ ಟ್ರೇಲರ್ ಖಾಲಿ ತನ್ನಿರಿ, ಸರಿಯಾದ ಚೀಟಿ ಕೊಡುತ್ತೇವೆ. ಆ ದಿನ ಹೊಸ ಗಾಡಿಗಳನ್ನು ತೂಗಲಿಲ್ಲ. ಸುಗ್ಗಿಯ ನಡುವೆ ಕಾಟಾ ನಿಲ್ಲಿಸಿದ್ದು ಅಪ್ಪನ ಕಾಲದಿಂದ ಅದೇ ಮೊದಲು.

ಮೊದಲು ಹೋದದ್ದು ಎದುರಿನ ವ್ಯಾಪಾರಿಯ ಹತ್ತಿರ. ಕೆಲವರ ತೂಕ ಕಮ್ಮಿಯಾಗಿದೆ, ಕೆಲವರದು ಹೆಚ್ಚಾಗಿದೆ, ಯಾವ ಕಡೆ ಎಷ್ಟು ಎಂದು ನನಗೇ ತಿಳಿಯದು ಎಂದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡರು. "ನೀವು ಬಂದು ಹೇಳಿದ್ರಿ ಅಂತ ಕೇಳ್ತಾ ಇದೀನಿ. ಬೇರೆ ಯಾರ ಬಾಯಿಂದಾದ್ರೂ ಕೇಳಿದ್ರೆ ನಾಳೆಯಿಂದ ನಿಮ್ಮ ಚೀಟಿ ತಗೊಳ್ತಿರ್ಲಿಲ್ಲ. ಹೊಸ ಚೀಟಿ ಕೊಡ್ರಿ, ನಾನು ಅದನ್ನೇ ಹಿಡೀತೀನಿ. ಒಂದು ಮಾತು, ಅಜ್ಜ ಕೂಗಬೇಕು" ಎಂದರು.

ಅಂದು ಮಧ್ಯಾಹ್ನದಿಂದ ಒಂದೊಂದೇ ಬರತೊಡಗಿದವು. ಗೋಡೆಯ ಪಟ್ಟಿ ನೋಡಿ ನಾನು ಫೋನ್ ಮಾಡುವುದು, ಅವರು ಟ್ರೇಲರ್ ಕಟ್ಟಿಕೊಂಡು ಬರುವುದು, ಕಾಕಾ ಕೂಗುವುದು, ಗಾಡಿಯವರು ತಿರುಗಿ ಕೂಗುವುದು, ನಾನು ಕಾರ್ಬನ್ ಇಟ್ಟು ಬರೆಯುವುದು. ಚೀಟಿ ಸರಿಮಾಡಿದ ಮೇಲೆ ಕಾಕಾ ಗೋಡೆಯ ಆ ಸಾಲನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಹದಿನೇಳು ಮಂದಿಗೆ ಕಮ್ಮಿಯಾಗಿತ್ತು, ಅವರು ಬಂದರು, ಸರಿ. ಉಳಿದವರಲ್ಲಿ ಕೆಲವರದು ಸರಿಯಾಗಿಯೇ ಇತ್ತು, ಕೆಲವರಿಗೆ ಹೆಚ್ಚಾಗಿತ್ತು. ಅವರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದರು. ಒಬ್ಬರಂತೂ ತಮ್ಮದು ಹೆಚ್ಚಾಗಿದೆ ಎಂದು ಗೊತ್ತಿದ್ದೇ, ನಾನು ಫೋನ್ ಮಾಡುವ ಮುಂಚೆಯೇ ಬಂದರು. ಯಾಕೆ ಎಂದರೆ, "ಇವತ್ತು ಹೆಚ್ಚಾಗೈತೆ ಅಂತ ಸುಮ್ಕಿದ್ರೆ, ನಾಳೆ ಕಮ್ಮಿ ಆದಾಗ ಯಾವ ಬಾಯಾಗೆ ಕೇಳ್ಲಿ? ಬರೀರಿ ಬರೀರಿ, ಡೀಸೆಲ್ ಉರಿತೈತೆ" ಎಂದು ಗದರಿದರು. ಅಷ್ಟು ಜನರ ಮುಂದೆ ಗದರಿಸಿಕೊಂಡು ಅಷ್ಟು ಖುಷಿಯಾದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಮಾರನೇ ದಿನ ಸಂಜೆಯ ಹೊತ್ತಿಗೆ ಗೋಡೆಯಲ್ಲಿ ಒಂದೇ ಸಾಲು ಉಳಿಯಿತು. ಬಸವಾಪಟ್ಟಣದ ಬೀಗರಿಂದ ಒಬ್ಬ ರೈತರು ಎರವಲು ತಂದಿದ್ದ ಟ್ರೇಲರ್. ಅದು ಕೆಲಸ ಮುಗಿಸಿ ಊರಿಗೆ ವಾಪಸಾಗಿತ್ತು. ಅಷ್ಟು ದೂರದಿಂದ ಖಾಲಿ ಟ್ರೇಲರ್ ತರಿಸುವುದು ಹೇಗೆ? ಟೆಕ್ನಿಷಿಯನ್ನೇ ದಾರಿ ಹೇಳಿದ. ಆ ಟ್ರೇಲರನ್ನು ಅಲ್ಲಿಯ ಯಾವುದಾದರೂ ಇಂಜಿನ್‌ಗೆ ಕಟ್ಟಿ ಚನ್ನಗಿರಿಯ ಕಾಟಾದಲ್ಲಿ ತೂಗುವುದು, ಆಮೇಲೆ ಆ ಇಂಜಿನ್ ಒಂದನ್ನೇ ತೂಗಿ ಕಳೆಯುವುದು. ಟ್ರೇಲರ್ ತೂಕ ಸಿಕ್ಕಿತು. ಇಲ್ಲಿ ಅಂದು ಅದನ್ನು ಎಳೆದು ತಂದಿದ್ದ ಇಂಜಿನ್ ಒಂದನ್ನೇ ತೂಗಿ ಅದನ್ನು ಕೂಡಿಸುವುದು. ಬೀಗರು ತಮ್ಮ ಕೆಲಸ ಬಿಟ್ಟು ಟ್ರೇಲರ್ ಒಯ್ದರು. ಚನ್ನಗಿರಿಯ ಕಾಟಾದವರು ಎರಡು ಸಲ ತೂಗಿ, ಏನೂ ತೆಗೆದುಕೊಳ್ಳಲಿಲ್ಲ. ಟೆಕ್ನಿಷಿಯನ್ ಅಲ್ಲಿ ನಿಂತು ಇಂಡಿಕೇಟರ್‌ನ ಫೋಟೋ ಕಳಿಸಿದ. ಕಾಕಾ ಫೋಟೋ ನೋಡಲಿಲ್ಲ. "ಫೋನ್ ಹಚ್ರಿ" ಎಂದರು. ಅತ್ತ ಕಡೆಯಿಂದ ಆ ಹುಡುಗ ಚನ್ನಗಿರಿಯ ನಡುರಸ್ತೆಯಲ್ಲಿ ನಿಂತು ತೂಕ ಕೂಗಿದ. ಇತ್ತ ಕಡೆಯಿಂದ ಕಾಕಾ ತಿರುಗಿ ಕೂಗಿದರು. ಆಮೇಲೆ ಹೆಬ್ಬೆರಳಿನಿಂದ ಕೊನೆಯ ಸಾಲು ಒರೆಸಿದರು.

ಹಳೆಯ ಕಂಪ್ಯೂಟರ್ ಬೇರೆ ಡಿಸ್ಕ್ ಹಾಕಿಸಿಕೊಂಡು ಎದ್ದಿತು, ಎಂದಿನಂತೆ ಜನವರಿ ಒಂದಕ್ಕೆ. ಆ ಸುಗ್ಗಿಯನ್ನು ಅದರಲ್ಲೇ ಮುಗಿಸಿದೆವು. ಹೊಸದು ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಬೇಸಿಗೆಯಲ್ಲಿ, ದಿನಕ್ಕೆ ನಾಲ್ಕೈದು ಗಾಡಿ ಬಂದರೆ ಹೆಚ್ಚು ಎನ್ನುವ ಕಾಲದಲ್ಲಿ, ಟೆಕ್ನಿಷಿಯನ್ ಇಂಡಿಕೇಟರ್‌ನ ಒಂದೇ ವೈರನ್ನು ಕವಲು ಮಾಡಿ ಎರಡಕ್ಕೂ ಕೊಟ್ಟ. ಒಂದು ತಿಂಗಳು ಪ್ರತಿ ಗಾಡಿಗೂ ಎರಡೆರಡು ಚೀಟಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆವು. ಕನ್ವರ್ಟರ್ ಎರಡು ಸಲ ಬಿಸಿಲಿಗೆ ಮುನಿಸಿಕೊಂಡಿತು, ಬೇರೆ ಹಾಕಿಸಿದೆವು. ಸಾಫ್ಟ್‌ವೇರ್ ಮಾಡಿದವರನ್ನು ಬೆನ್ನು ಹತ್ತಿ ಅವನು ಒಂದು ಹೊಸ ಖಾನೆ ಹಾಕಿಸಿದ. ಈಗ ಅದು ನಂಬರ್ ಕೇಳಿದ ಮೇಲೆ "ಟ್ರೇಲರ್ ಯಾರದು?" ಎಂದೂ ಕೇಳುತ್ತದೆ. ತುಂಬದಿದ್ದರೆ ಚೀಟಿ ಕೊಡುವುದಿಲ್ಲ. ಕಂಪ್ಯೂಟರ್ ಯಾವಾಗ ಬದಲಿಸಬೇಕು ಎಂದು ಪಕ್ಕದ ಅಂಗಡಿಯವರು ಈಗ ನನ್ನನ್ನು ಕೇಳುತ್ತಾರೆ. ಹಳೆಯದು ಇನ್ನೂ ನಡೆಯುತ್ತಿರುವಾಗ, ಎರಡನ್ನೂ ಜೊತೆಗಿಟ್ಟು ನೋಡಲು ಪುರುಸೊತ್ತು ಇರುವಾಗ ಎನ್ನುತ್ತೇನೆ. ಶ್ರಾವಣದಲ್ಲೇ ಆ ಹುಡುಗ ಹೇಳಿದ್ದು ಇದನ್ನೇ.

ಮುಂದಿನ ಸುಗ್ಗಿಯ ಮೊದಲ ಬೆಳಿಗ್ಗೆ ಹಳೆಯದನ್ನು ಬಿಚ್ಚಿ ಹೊಸದೊಂದನ್ನೇ ಇಟ್ಟುಕೊಂಡು ಕುಳಿತೆವು. ಮೊದಲ ಗಾಡಿ ಕಾಟಾ ಹತ್ತಿತು. ಅದೇ ನೆರೆಯವರ ಇಂಜಿನ್, ಹಿಂದೆ ಅದೇ ಹಗುರ ಟ್ರೇಲರ್. ಪಕ್ಕದಲ್ಲಿ ಸೆರಗು ಬಿಗಿದು ನಿಂತಿದ್ದರು ಆ ಹೆಣ್ಣುಮಗಳು. ಪರದೆ ಅವರ ಕಡೆಗೇ ತಿರುಗಿತ್ತು. ಅವರು ಅದನ್ನು ನೋಡಲಿಲ್ಲ, ಕಿಟಕಿಯನ್ನು ನೋಡುತ್ತ ಕಾದರು.

ಕಾಕಾ ಕುರ್ಚಿಯಿಂದ ಏಳಲಿಲ್ಲ. "ಈ ಸಲ ನೀವೇ ಕೂಗ್ರಿ ತಂಗೆಮ್ಮ" ಎಂದರು.

ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ಲಾಭ!" ಎಂದೆ. "ತಮ್ಮನ ಟ್ರೇಲರು, ಐದು ಸಾವಿರದ ಒಂಬೈನೂರಾ ನಲವತ್ತು!"

ಅವರು ನಕ್ಕು, ನನಗಿಂತ ಎರಡು ಪಟ್ಟು ಗಟ್ಟಿಯಾಗಿ ತಿರುಗಿ ಕೂಗಿದರು. ಆಮೇಲೆ ಕಾಕಾ ಬಟನ್ ಒತ್ತಿದರು.